ಹಸಿಗೂದಲಿನ ಸಾಕ್ಷಿ

ಕಳುವಾದ ಬಂಗಾರದ ಬೋರಮಾಳ ಸರ ಮಾಳಿಗೆಯ ಬೆಳಕಿಂಡಿಯ ಸಂದಿಯಲ್ಲಿ ಸಿಕ್ಕಿತು. ಹುಡುಕಾಟವೇನೂ ನಡೆಯಲಿಲ್ಲ. ಮನೆಯ ಯಜಮಾನ ಕಲ್ಯಾಣಪ್ಪ ಪೊಲೀಸರನ್ನು ನೆಟ್ಟಗೆ ಅಲ್ಲಿಗೇ ಕರೆದೊಯ್ದ.

“ನನ್ನ ಹೆಂಡ್ತಿ ಕೆಲಸ ರೀ. ಸೋಮವಾರ ತಲಿ ಎರಕೊಂಡು, ಬಚ್ಚಲದಿಂದ ಹಸಿಗೂದಲದಾಗೇ ನಿಚ್ಚಣಿಕಿ ಏರಿದ್ಲು. ಕಣ್ಣಾರೆ ಕಂಡೀನಿ.”

ಚಿತ್ತಾಪುರದ ಸಬ್ ಇನ್‌ಸ್ಪೆಕ್ಟರ್ ಚಂದ್ರಾಮಪ್ಪ ತಲೆ ಕೆರೆದುಕೊಂಡ. “ಆಕಿಗಿ ಕಾಲಾಗ ಶಕ್ತಿ ಇಲ್ಲ ಅಂತಾರ ಊರಾಗ?”

“ನಾಟಕ ರೀ. ಹೈದರಾಬಾದಿಗೆ ಒಯ್ದು ತಲಿ ಸಿ.ಟಿ. ಫೋಟೋ ತೆಗಸೀನಿ. ತಲ್ಯಾಗ ಏನೂ ಇಲ್ಲ.”

ಅವನು ಮುಂದೆ ಚಾಚಿದ ಫಿಲ್ಮಿನ ಮೂಲೆಗಳು ಮಡಚಿದ್ದವು. ಊರೆಲ್ಲ ತೋರಿಸಿ ಬಂದಿದ್ದ. ಕಳವು ಖಾತ್ರಿಯಾದರೆ ಹೆಂಡತಿ ಗುರುದೇವಿ ಮುಧೋಳದ ತವರಿಗೆ. ಕುರಕುಂಟಾದಲ್ಲಿ ಹೊಸ ಹೆಣ್ಣು ಆಗಲೇ ನಿಶ್ಚಯವಾಗಿತ್ತು. ಕಲ್ಯಾಣಪ್ಪ ಮಾನವಂತ. ಕಾರಣವಿಲ್ಲದೆ ಹೆಂಡತಿಯನ್ನು ಬಿಡುವವನಲ್ಲ, ಕಾರಣ ತಯಾರಿಸಿಕೊಳ್ಳುವವನು.

* * *

ಮರುದಿನ ಮುಂಜಾನೆ ಸಬ್ ಇನ್‌ಸ್ಪೆಕ್ಟರ್ ಬಂದಾಗ ಗುರುದೇವಿಯೇ ನೀರು ತಂದುಕೊಟ್ಟಳು. ಕುಂಟಲಿಲ್ಲ. ಚಂದ್ರಾಮಪ್ಪನಿಗೆ ಕಲ್ಯಾಣಪ್ಪನ ಮಾತು ನಿಜವೆನಿಸಿತು. ಮಧ್ಯಾಹ್ನ ಮತ್ತೆ ಬಂದ. ಆಕೆ ಕಂಬಕ್ಕೆ ಒರಗಿ ಕೂತಿದ್ದಳು. ಏಳಲು ಹೋದಳು, ಆಗಲಿಲ್ಲ.

“ಮುಂಜಾನಿ ಚಂದ ಅಡ್ಡಾಡಾಕತ್ತಿದ್ದಿ, ತಂಗಿ.”

“ಆಗ ಬಿಸಲಿರಲಿಲ್ಲ ರೀ. ಬಿಸಲೇರಿದ್ರ ಕಾಲು ನನ್ನ ಮಾತು ಕೇಳಂಗಿಲ್ಲ.”

“ನಾಟಕಕ್ಕೂ ಬಿಸಲು ಬೇಕೇನು?”

“ನಾಟಕ ಆಗಿದ್ರ ಮುಂಜಾನೇನೂ ಮಾಡತಿದ್ದೆ, ಸಾಹೇಬ್ರ.”

ಚಂದ್ರಾಮಪ್ಪ ಆ ಸಂಜೆಯೇ ಗುಲಬರ್ಗಾದ ಡಾಕ್ಟರನ್ನು ಕಂಡುಬಂದ.

* * *

“ಬಚ್ಚಲದಿಂದ ನೆಟ್ಟಗೆ ನಿಚ್ಚಣಿಕಿಗೇನು?” ಮರುದಿನ ಪಡಸಾಲೆಯಲ್ಲಿ ಎಲ್ಲರೆದುರು ಚಂದ್ರಾಮಪ್ಪ ಮತ್ತೆ ಕೇಳಿದ.

“ಹೌದ್ರಿ. ಕೂದಲದಿಂದ ನೀರು ಸೋರಾಕತ್ತಿತ್ತು.” ಕಲ್ಯಾಣಪ್ಪನಿಗೆ ತನ್ನ ವಿವರಣೆಯ ಬಗ್ಗೆ ಭಾಳ ಮೆಚ್ಚುಗೆ.

ಚಂದ್ರಾಮಪ್ಪ ಅವನ ತಾಯಿ ವಿಮಲಾಬಾಯಿಯತ್ತ ತಿರುಗಿದ. “ಯವ್ವಾ, ಸ್ವಸಿಗಿ ತಣ್ಣೀರೋ ಬಿಸಿನೀರೋ?”

“ತಣ್ಣೀರು ಸತ್ತ ಮನಿಯವರು ಎರಕೋತಾರ. ಸೋಮವಾರ ನಮ್ಮಲ್ಲಿ ಸುಡೋ ನೀರೇ.”

“ಎರಕೊಂಡ ಮ್ಯಾಲ ಆಕಿ ಹೆಂಗ ಹೊರಗ ಬರ್ತಾಳ?”

ಮುದುಕಿ ಮಗನ ಮುಖ ನೋಡಿದಳು.

“ನಾನೇ ಬಗಲಿಗಿ ಕೈ ಹಾಕಿ ಎಳಕೊಂಡು ಬರ್ತೀನಿ. ನಾಟಕದಾಕಿ ಅಂತ ಬೈಕೋತ.”

“ಈ ಸೋಮವಾರ?”

“ಈ ಸೋಮವಾರಾನೂ. ತಾಸೊತ್ತು ಹೊರಳಲಿಲ್ಲ.”

“ಹಂಗಾರ ಮಂಗಳವಾರ ಇದ್ದೀತು,” ಎಂದ ಕಲ್ಯಾಣಪ್ಪ.

“ವಾರ ಬದಲಿ ಮಾಡಬ್ಯಾಡ,” ಎಂದ ಚಂದ್ರಾಮಪ್ಪ. “ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದಂಗ ಅದ ಅಂದ್ರು ಡಾಕ್ಟ್ರು. ನರದ ಮ್ಯಾಲಿನ ಹೊದಿಕಿ ಹರಿತದ. ಅಂಥ ನರಕ್ಕ ಶಾಖ ಆಗಂಗಿಲ್ಲ, ಬಿಸಿ ತಾಗಿದ್ರ ಕಾಲು ಸೋಲ್ತಾವ. ಈ ಫೋಟೋದಾಗ ಅದರ ಗುರುತು ಎಷ್ಟೋ ಸಲ ಬೀಳಂಗಿಲ್ಲ. ಬಿಸಿನೀರು ಎರಕೊಂಡಾಕಿ ಮಾಳಿಗಿ ಏರಿಲ್ಲ, ನೀ ಕಂಡಿಲ್ಲ. ಕಾಣದಿದ್ರ ಆ ಸಂದಿ ನಿನಗ ಹೆಂಗ ಗೊತ್ತಾತು? ಇಟ್ಟವಗಷ್ಟೇ ಗೊತ್ತಿರ್ತದ.”

ಕಲ್ಯಾಣಪ್ಪ ಫಿಲ್ಮನ್ನು ಬೆನ್ನ ಹಿಂದೆ ಹಿಡಿದ.

ಗುರುದೇವಿ ಕಂಬ ಬಿಡಲಿಲ್ಲ. “ಇಷ್ಟು ವರ್ಷದಾಗ ಎರಕೊಂಡ ದಿನ ಒಮ್ಮೆರ ನನ್ನ ಕಡಿ ನೋಡಿದ್ರ, ಇದಕ್ಕಿಂತ ಚಲೋ ಸುಳ್ಳು ಹೇಳತಿದ್ರಿ.”

“ಯವ್ವಾ, ನೀನರ ಹೇಳು,” ಎಂದ ಕಲ್ಯಾಣಪ್ಪ.

“ಹೇಳೂದೇನದ? ಆಕಿ ಇಲ್ಲೇ ಇರ್ತಾಳ. ನೀ ನಡಿ, ಸಾಹೇಬ್ರು ನಿಂತಾರ.”

ವಿಮಲಾಬಾಯಿ ಬಚ್ಚಲಿಗೆ ಹೋದಳು. ಸೊಸೆಗೆ ನೀರು ಕಾಯುತ್ತಿದ್ದ ಹಂಡೆಯ ಕೆಳಗಿನ ಉರಿಗಟ್ಟಿಗೆ ಹೊರಗೆಳೆದು, ಒಂದು ತಂಬಿಗೆ ನೀರು ಸುರಿದು ಆರಿಸಿದಳು.