ಆರು ಸೂಜಿಗಳಿಗೆ ಗಂಧ

“ಟಾರ್ಗೆಟ್ ನಾಟ್ ಫೌಂಡ್!”

ಕಂಪ್ಯೂಟರ್ ಪರದೆಯ ಮೇಲೆ ಬಂದಿದ್ದನ್ನು ಹಂಸಾ ಮತ್ತೆ ಗಟ್ಟಿಯಾಗಿ ಓದಿದಳು. ಮಧ್ಯಾಹ್ನದ ಊಟ ಆದಾಗಿನಿಂದ ಅದನ್ನೇ ಓದಿ ಓದಿ ಅವಳ ನಾಲಿಗೆ ಅರ್ಧ ಸವೆದಿತ್ತು.

“ಹಾಗಂದ್ರೆ ಏನೇ?” ಸೋಫಾದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಲೀಲಮ್ಮಜ್ಜಿ ಕೇಳಿದರು.

“ಬೆಲ್ ಒತ್ತಿದ್ರೂ ಒಳಗಿಂದ ಯಾರೂ ಬಾಗ್ಲು ತೆಗೀತಿಲ್ಲ ಅಂತ, ಅಜ್ಜಿ.”

“ಓಹೋ, ನಮ್ಮ ಮೇಲ್ಗಡೆ ಮನೆ ಮಿಶ್ರಾ ಥರ. ಯಾರಾದ್ರೂ ಚಂದಾ ಕೇಳೋಕೆ ಬಂದ್ರೆ ಸಾಕು, ಮನೆಮಂದಿಯೆಲ್ಲ ಉಸಿರು ಕಟ್ಕೊಂಡು ಮಂಚದ ಕೆಳಗೆ!”

ಹಂಸಾಗೆ ಕಿಸಕ್ಕನೆ ನಗು ಬಂತು. ವಿಕ್ರಮ್ ಚಿಕ್ಕಪ್ಪ ಮಾತ್ರ ನಗಲಿಲ್ಲ. ಕೈಯಲ್ಲಿ ಎಳೆದೆಳೆದು ಅವನ ಕೂದಲೆಲ್ಲ ನೆಟ್ಟಗೆ ನಿಂತಿತ್ತು. ತಲೆ ನೋಡಿದರೆ ಜುಟ್ಟಿರುವ ತೆಂಗಿನಕಾಯಿಯೇ. ಇನ್ನೊಂದು ಗಂಟೆ ಹೀಗೇ ಹೋದರೆ ಜುಟ್ಟೂ ಉಳಿಯುತ್ತಿರಲಿಲ್ಲ.

ಚಿಕ್ಕಪ್ಪ ನೋಯ್ಡಾದ ಒಂದು ಕಂಪನಿಯಲ್ಲಿ ಎಂಜಿನಿಯರ್. ಲೋಧಿ ಕಾಲೋನಿಯ ಈ ಸರ್ಕಾರಿ ಮನೆಯಲ್ಲಿ ಅಣ್ಣನ ಮನೆಯವರ ಜೊತೆಗೇ ಇದ್ದ. ಆಫೀಸಿನ ಕೆಲಸ ಮನೆಗೆ ತಂದನೆಂದರೆ ಊಟದ ಮೇಜು ಅವನದ್ದು, ಮನೆಮಂದಿಗೆಲ್ಲ ನೆಲದ ಮೇಲೆ ಊಟ.

ಇವತ್ತು ಮೇಜಿನ ಮೇಲೆ ಕಂಪ್ಯೂಟರ್ ಇತ್ತು. ಇಬ್ಬರು ಪೈಲ್ವಾನರು ಹಿಡಿದು ಎಳೆದರೂ ಅಲುಗಾಡದಷ್ಟು ದಪ್ಪದ್ದು. ಪಕ್ಕದಲ್ಲಿ ಒಂದು ನೀಲಿ ಡಬ್ಬಿ. ಅದರ ಪಕ್ಕ ಬಿಸ್ಕತ್ತಿನಷ್ಟೇ ಇದ್ದ ಹಸಿರು ಬೋರ್ಡು. ಬೋರ್ಡಿನ ನಡುವೆ ಕಾಲು ಚಾಚಿ ಕೂತ ಜಿರಳೆಮರಿಯಂತೆ ಒಂದು ಕಪ್ಪು ಚಿಪ್.

ಕಾರಿನಲ್ಲಿ ಕೂತವರು ಬೆಲ್ಟ್ ಹಾಕದಿದ್ದರೆ ‘ಕೀಂ ಕೀಂ’ ಅಂತ ಕಿರುಚುವುದೇ ಆ ಚಿಪ್‌ನ ಕೆಲಸ. ಆದರೆ ಯಾವಾಗ ಕಿರುಚಬೇಕು, ಯಾವಾಗ ಬಾಯಿ ಮುಚ್ಚಬೇಕು ಅನ್ನುವುದನ್ನು ಕಂಪ್ಯೂಟರಿನಲ್ಲಿ ಬರೆದು ಅದರ ತಲೆಗೆ ತುಂಬಬೇಕು. ತುಂಬುವುದು ನೀಲಿ ಡಬ್ಬಿ. ಅದಕ್ಕೆ ಪ್ರೋಗ್ರಾಮರ್ ಅಂತ ಹೆಸರು. ತುಂಬಿದ ಮೇಲೂ ಚಿಪ್ ಎಡವಟ್ಟು ಮಾಡಿದರೆ, ಅದನ್ನು ನಡುದಾರಿಯಲ್ಲಿ ನಿಲ್ಲಿಸಿ, ಒಂದೊಂದೇ ಹೆಜ್ಜೆ ನಡೆಸಿ, ಎಲ್ಲಿ ಎಡವಿತು ಅಂತ ಹಿಡಿಯುವುದೂ ಅದೇ ಡಬ್ಬಿ. ಚಿಕ್ಕಪ್ಪ ಇದಕ್ಕೆ ‘ಡಿಬಗ್ ಮಾಡೋದು’ ಅನ್ನುತ್ತಿದ್ದ.

“ಅಂಥದ್ದೊಂದು ನಮ್ಮ ಸಾತ್ವಿಕ್‌ಗೂ ಸಿಕ್ಕಿಸ್ರೋ,” ಅಂದಿದ್ದರು ಅಜ್ಜಿ, ಡಬ್ಬಿ ಮನೆಗೆ ಬಂದ ದಿನ. “ಅವನು ಮೆಟ್ಟಿಲು ಇಳಿದ್ರೆ ಕುತುಬ್ ಮಿನಾರ್ ನಡುಗುತ್ತೆ. ಒಂದೊಂದೇ ಹೆಜ್ಜೆ ನಡೀಲಿ!”

ಒಂಬತ್ತನೇ ಕ್ಲಾಸಿನ ಸಾತ್ವಿಕ್, ಹಂಸಾಳ ಅಣ್ಣ, ಮೇಜಿನಿಂದ ಮೂರು ಅಡಿ ದೂರವೇ ನಿಲ್ಲಬೇಕು ಅಂತ ಚಿಕ್ಕಪ್ಪನ ಕಟ್ಟಪ್ಪಣೆ. ಹೋದ ತಿಂಗಳು ಅವನು ಮಿಕ್ಸಿ ರಿಪೇರಿ ಮಾಡಿದ್ದ. ಅವತ್ತಿನಿಂದ ಚಟ್ನಿ ತಟ್ಟೆಗೆ ಬೀಳುವುದಕ್ಕಿಂತ ಚಾವಣಿಗೆ ಅಂಟುವುದೇ ಹೆಚ್ಚು.

ಐದನೇ ಕ್ಲಾಸಿನ ಹಂಸಾಗೆ ಮಾತ್ರ ಮೇಜಿನ ಹತ್ತಿರ ಕುರ್ಚಿ ಇತ್ತು, ಹುದ್ದೆಯೂ ಇತ್ತು. ಅವಳು ಅಸಿಸ್ಟೆಂಟ್! ಬೋರ್ಡಿನ ಮೂಲೆಯಲ್ಲಿ ಪುಟ್ಟದೊಂದು ಕಪ್ಪು ಗುಂಡಿ, ಅದರೊಳಗೆ ಆರು ಸೂಜಿ. ಡಬ್ಬಿಯಿಂದ ಬಂದ ಪಟ್ಟಿಯಂಥ ಕೇಬಲ್ಲನ್ನು ಅಲ್ಲಿಗೆ ಸಿಕ್ಕಿಸಬೇಕು. ಕೇಬಲ್ಲಿನ ಕೆಂಪು ಗೆರೆ ಒಂದನೇ ಸೂಜಿಯ ಕಡೆಗೇ ಬರಬೇಕು. ಉಲ್ಟಾ ಆದರೆ ಚಿಪ್ ಸುಟ್ಟೇಹೋಗಬಹುದು. ಚಿಕ್ಕಪ್ಪನ ಬೆರಳುಗಳೋ ಒಂದೊಂದೂ ಬಾಳೆಹಣ್ಣಿನ ಗಾತ್ರ. ಹಾಗಾಗಿ ಕೇಬಲ್ ಸಿಕ್ಕಿಸುವುದು ಹಂಸಾಳ ಕೆಲಸ. ಇದನ್ನು ಅವಳು ಸ್ಕೂಲಿನಲ್ಲಿ ಹೇಳಿಕೊಳ್ಳದ ಗೆಳತಿಯೇ ಉಳಿದಿರಲಿಲ್ಲ.

ನಾಳೆ ಬೆಳಗ್ಗೆ ಮಾನೇಸರ್‌ನ ಒಂದು ಕಾರ್ಖಾನೆಯವರು ಈ ಬೋರ್ಡ್ ನೋಡಲು ಆಫೀಸಿಗೆ ಬರುವವರಿದ್ದರು. ಚಿಕ್ಕಪ್ಪ ನಿನ್ನೆಯೇ ಕೂತಿದ್ದರೆ ಕೆಲಸ ಮುಗಿದುಹೋಗುತ್ತಿತ್ತು. ಆದರೆ ನಿನ್ನೆ ಆಯುಧಪೂಜೆ. ಈಳಿಗೆಮಣೆ, ಕತ್ತರಿ, ಸ್ಕೂಟರು, ಬ್ಯಾಟು, ಕೊನೆಗೆ ಟಿವಿ ರಿಮೋಟು, ಅಜ್ಜಿ ಯಾವುದನ್ನೂ ಬಿಟ್ಟಿರಲಿಲ್ಲ. ಅಪ್ಪ ಒಂದು ನಿಮಿಷ ಸುಮ್ಮನೆ ನಿಂತಿದ್ದರೆ ಅವರಿಗೂ ಕುಂಕುಮ ಹಚ್ಚಿ ಹೂವು ಮುಡಿಸುತ್ತಿದ್ದರು.

“ಪೂಜೆಗೆ ಇಟ್ಟ ಸಾಮಾನಿಗೆ ಇವತ್ತು ರಜ. ನಿಂಗೆ ಸಂಡೇ ಇಲ್ವಾ? ಪಾಪ, ಅದಕ್ಕೂ ಇರ್ಲಿ,” ಅಂದು ನೀಲಿ ಡಬ್ಬಿಯನ್ನೂ ಬೋರ್ಡನ್ನೂ ದೇವರ ಮುಂದೆ ಇಟ್ಟುಬಿಟ್ಟರು. ಇವತ್ತು ಮಂಗಳಾರತಿ ಆದ ಮೇಲೆಯೇ ಅವು ಚಿಕ್ಕಪ್ಪನ ಕೈಗೆ ಬಂದದ್ದು.

“ಚಲೋ, ಮತ್ತೆ ಮೊದಲಿಂದ,” ಅಂದ ಚಿಕ್ಕಪ್ಪ. “ಒಂದ್ಸಲಕ್ಕೆ ಒಂದೇ ನೋಡ್ಬೇಕು. ಎಲ್ಲಾ ಒಟ್ಟಿಗೆ ಕಲಕಿದ್ರೆ ಕಳ್ಳ ಸಿಗಲ್ಲ. ಬೋರ್ಡಿಗೆ ಕರೆಂಟ್ ಬರ್ತಿದ್ಯಾ?”

“ಬರ್ತಿದೆ. ಲೈಟ್ ಉರೀತಿದೆ,” ಅಂದಳು ಹಂಸಾ.

ಕಂಪ್ಯೂಟರಿನಿಂದ ಡಬ್ಬಿಗೆ ಬರುವ ವೈರನ್ನು ಬದಲಾಯಿಸಿದ. ಟಾರ್ಗೆಟ್ ನಾಟ್ ಫೌಂಡ್. ವೈರನ್ನು ಕಂಪ್ಯೂಟರಿನ ಹಿಂದಿನ ತೂತಿನಿಂದ ಕಿತ್ತು ಮುಂದಿನ ತೂತಿಗೆ ಹಾಕಿದ. ಟಾರ್ಗೆಟ್ ನಾಟ್ ಫೌಂಡ್. ಸಿ.ಡಿ. ಹಾಕಿ ಸಾಫ್ಟ್‌ವೇರನ್ನೇ ಹೊಸದಾಗಿ ಇಳಿಸಿದ. ಅದು ಇಳಿಯುವಷ್ಟರಲ್ಲಿ ಅಜ್ಜಿ ಮೂಟೆಗಟ್ಟಲೆ ಕಡಲೆಕಾಯಿ ಬಿಡಿಸಿ ಸಿಪ್ಪೆಯ ಹಿಂದೆ ಮರೆಯಾಗಿದ್ದರು. ಆದರೂ ಅದೇ. ಟಾರ್ಗೆಟ್ ನಾಟ್ ಫೌಂಡ್.

“ಕಂಪ್ಯೂಟರ್ ಹೇಳಿದ್ದು ಡಬ್ಬಿಗೆ ಕೇಳಿಸ್ತಿದೆ,” ಅಂದ ಚಿಕ್ಕಪ್ಪ. “ಡಬ್ಬಿ ಹೇಳಿದ್ದು ಚಿಪ್‌ಗೆ ಕೇಳಿಸ್ತಿಲ್ಲ.”

“ಕೇಬಲ್ ಸರಿ ಇದ್ಯಾ?” ಮೂರು ಅಡಿ ದೂರದಿಂದ ಸಾತ್ವಿಕ್ ಕೇಳಿದ.

“ಕೇಬಲ್ ಹಂಸಾ ಹಾಕಿದ್ದು ಕಣೋ. ಅದ್ರಲ್ಲಿ ತಪ್ಪಿರಲ್ಲ.”

ಹಂಸಾ ಕೂತಲ್ಲೇ ಎರಡು ಇಂಚು ಬೆಳೆದಳು. “ಹಾಗಾದ್ರೆ ಏನಾಗಿದೆ ಚಿಕ್ಕಪ್ಪ?”

“ಎಲ್ಲೋ ಏನೋ ಅಡ್ಡ ಬಂದಿದೆ ಪುಟ್ಟಿ. ಲೋಹಕ್ಕೆ ಲೋಹ ತಾಗ್ಬೇಕು. ಮಧ್ಯೆ ಒಂಚೂರು ಅಂಟು, ಒಂಚೂರು ಕೊಳೆ ಇದ್ರೂ ಸಾಕು, ಮಾತು ದಾಟಲ್ಲ. ಇಲ್ಲಾಂದ್ರೆ ಚಿಪ್ಪೇ ಸತ್ತಿರ್ಬೇಕು. ಸತ್ತಿದ್ರೆ ಮುಗೀತು. ಇಂಥ ಬೋರ್ಡ್ ಇರೋದು ಇದೊಂದೇ.”

ಬೆಳೆದ ಎರಡು ಇಂಚು ಸರ್ರನೆ ಇಳಿದುಹೋಯಿತು. ಒಂಚೂರು ಅಂಟು ಅಂದನಲ್ಲ ಚಿಕ್ಕಪ್ಪ!

ನಿನ್ನೆ ಅಜ್ಜಿ ಸಣ್ಣ ಸಾಮಾನಿನ ಪೂಜೆಯನ್ನು ಹಂಸಾಗೆ ವಹಿಸಿದ್ದರು. “ಗಂಧಾನ ಕಂಡಕಂಡಲ್ಲಿ ಮೆತ್ತಬೇಡ. ಯಾವುದು ಎಲ್ಲಿಂದ ಕೆಲಸ ಮಾಡುತ್ತೋ ಅಲ್ಲಿಗೆ ಇಡ್ಬೇಕು. ಕತ್ತರಿಗೆ ಬಾಯಿಗೆ, ಪೆನ್ನಿಗೆ ಮೂತಿಗೆ,” ಅಂದಿದ್ದರು. ನೀಲಿ ಡಬ್ಬಿಯ ಮುಚ್ಚಳಕ್ಕೆ ತಾವೇ ಒಂದು ಬೊಟ್ಟು ಕುಂಕುಮ ಇಟ್ಟರು.

ಬೋರ್ಡ್ ಎಲ್ಲಿಂದ ಕೆಲಸ ಮಾಡುತ್ತದೆ? ಹಂಸಾ ಬಹಳ ಯೋಚನೆ ಮಾಡಿದ್ದಳು. ಮಾತೆಲ್ಲ ಹೋಗುವುದು ಆರು ಸೂಜಿಗಳಿಂದ ಅಂತ ಚಿಕ್ಕಪ್ಪನೇ ಹೇಳಿದ್ದನಲ್ಲ! ಬೆಂಕಿಕಡ್ಡಿಯನ್ನು ಗಂಧದಲ್ಲಿ ಅದ್ದಿ, ನಾಲಿಗೆ ಹೊರಗೆ ಹಾಕಿ, ಉಸಿರು ಬಿಗಿಹಿಡಿದು, ಗುಂಡಿಯೊಳಗಿನ ಒಂದೊಂದು ಸೂಜಿಗೂ ಹಚ್ಚಿದ್ದಳು. ಮದುವೆ ಹೆಣ್ಣಿಗೂ ಯಾರೂ ಅಷ್ಟು ಚೆನ್ನಾಗಿ ಅಲಂಕಾರ ಮಾಡಿರಲಿಕ್ಕಿಲ್ಲ. ಇವತ್ತು ಅದರ ಮೇಲೆಯೇ ಕೇಬಲ್ ಒತ್ತಿ ಸಿಕ್ಕಿಸಿದ್ದಳು. ಗಂಧ ಅಲ್ಲಿದೆ ಅನ್ನುವುದೇ ಮರೆತುಹೋಗಿತ್ತು.

“ನಂಗೊತ್ತಾಯ್ತು!” ಸಾತ್ವಿಕ್ ಚಪ್ಪಾಳೆ ತಟ್ಟಿದ. “ಅಜ್ಜಿ ಕುಂಕುಮ! ಡಬ್ಬಿ ಒಳಗೆ ಹೋಗಿದೆ ಅದು, ಪಕ್ಕಾ!”

ಚಿಕ್ಕಪ್ಪ ಡಬ್ಬಿಯನ್ನು ಎತ್ತಿ ನೋಡಿದ. ಮುಚ್ಚಳದ ಸಂದಿಯಲ್ಲಿ ಕೆಂಪು ಕಾಣಿಸಿತು. “ಅಮ್ಮಾ, ಇದೇನು ಈಳಿಗೆಮಣೆಯಾ?” ಅವನ ದನಿ ಏರಿತು. “ಎಲ್ಲದಕ್ಕೂ ಕುಂಕುಮ, ಎಲ್ಲದಕ್ಕೂ ಹೂವು! ನಾಳೆ ಅವರ ಮುಂದೆ ಏನಂತ ಹೇಳ್ಲಿ?”

ಅಜ್ಜಿ ಬಾಯಿ ತೆರೆದರು. ಒಮ್ಮೆ ಹಂಸಾಳ ಮುಖ ನೋಡಿದರು. ಬಾಯಿ ಮುಚ್ಚಿದರು.

“ಇರ್ಬೇಕಪ್ಪ, ನಂದೇ ತಪ್ಪು,” ಅಂದರು.

ಲೀಲಮ್ಮಜ್ಜಿ ಮಾತಿಗೆ ಮಾತು ಕೊಡದೆ ಸುಮ್ಮನಾದದ್ದನ್ನು ಲೋಧಿ ಕಾಲೋನಿಯಲ್ಲಿ ಕಂಡವರಿಲ್ಲ, ಕೇಳಿದವರಿಲ್ಲ.

ಆಗ ಕೆಳಗಿನಿಂದ ಗೆಳತಿ ಪ್ರೇರಣಾ ಕೂಗಿದಳು. “ಹಂಸಾ! ಜಲ್ದಿ ಆ! ರಾವಣ್ ಜಲ್ ಜಾಯೇಗಾ!”

ಮೈದಾನದಲ್ಲಿ ಕಾಗದದ ರಾವಣನನ್ನು ಸುಡುವ ಹೊತ್ತಾಗಿತ್ತು. ಅಪ್ಪ ಅಮ್ಮ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗಿದ್ದರು. ಮಕ್ಕಳನ್ನು ಅಜ್ಜಿಯೇ ಕರೆದುಕೊಂಡು ಹೋಗಬೇಕಿತ್ತು.

“ನೀವು ಹೋಗಿ ಬನ್ನಿ. ನಂಗ್ಯಾಕೋ ಮಂಡಿ ನೋವು,” ಅಂದರು ಅಜ್ಜಿ.

ಸಾತ್ವಿಕ್ ಧಡಧಡ ಇಳಿದೇಬಿಟ್ಟ. ಹಂಸಾ ಚಪ್ಪಲಿ ಮೆಟ್ಟಿಕೊಂಡಳು. ಎರಡು ಮೆಟ್ಟಿಲು ಇಳಿದಳು.

ಅಜ್ಜಿಗೆ ಮಂಡಿ ನೋವಾ? ಪ್ರತಿ ದಸರೆಗೂ ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದುದು ಅಜ್ಜಿಯೇ. ಹೋದ ವರ್ಷ ರಾವಣನ ಮೀಸೆ ಸೊಟ್ಟಗಿದೆ ಅಂತ ಕಮಿಟಿಯವರನ್ನು ಕರೆದು, ಬಾರದ ಹಿಂದಿಯಲ್ಲಿ ಬೈದು ಬಂದಿದ್ದರು. ಬೈಸಿಕೊಂಡವರೇ ಜಿಲೇಬಿ ಕೊಟ್ಟು ಕಳಿಸಿದ್ದರು.

ಈಗ ಹೇಳಿದರೆ ಅಸಿಸ್ಟೆಂಟ್ ಕೆಲಸ ಹೋದಂತೆಯೇ. ನಾಳೆಯಿಂದ ಅವಳೂ ಮೂರು ಅಡಿ ದೂರ, ಸಾತ್ವಿಕ್ ಪಕ್ಕ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಜ್ಜಿಯ ಕುಂಕುಮವೇ ಕಾರಣ ಅಂತ ಆಗಲೇ ತೀರ್ಮಾನವಾಗಿದೆ.

“ಹಂಸಾ! ಆ ರಹೀ ಹೈ ಕ್ಯಾ?” ಬರ್ತೀಯೋ ಇಲ್ವೋ ಅಂತ ಪ್ರೇರಣಾ ಮತ್ತೆ ಕೇಳಿದಳು.

“ತುಮ್ ಜಾವೋ!” ನೀನು ಹೋಗು ಅಂತ ಹಂಸಾ ಕೂಗಿದಳು. ಮೆಟ್ಟಿಲು ಹತ್ತಿ ಸೀದಾ ಮೇಜಿನ ಹತ್ತಿರ ಹೋದಳು. ಚಿಕ್ಕಪ್ಪ ಸ್ಕ್ರೂಡ್ರೈವರ್ ಹಿಡಿದು ನೀಲಿ ಡಬ್ಬಿಯನ್ನು ಬಿಚ್ಚಲು ಹೊರಟಿದ್ದ.

“ಚಿಕ್ಕಪ್ಪ, ಡಬ್ಬಿ ಬಿಚ್ಬೇಡ. ಇಲ್ಲಿ ನೋಡು.”

ಅವಳು ಕೇಬಲ್ ಕಿತ್ತಳು. ಚಿಕ್ಕಪ್ಪ ಬೋರ್ಡನ್ನು ಟ್ಯೂಬ್‌ಲೈಟಿಗೆ ಹಿಡಿದು ಗುಂಡಿಯೊಳಗೆ ಇಣುಕಿದ. ಆರೂ ಸೂಜಿಗಳ ಮೇಲೆ ಒಣಗಿ ಗಟ್ಟಿಯಾದ ಬಿಳಿ ಗಂಧ. ಕಂಪ್ಯೂಟರಿನ ಬಿಸಿಗೆ ಘಮ್ಮೆನ್ನುತ್ತಿತ್ತು ಬೇರೆ.

“ಇದು ಯಾರು ಹಚ್ಚಿದ್ದು?”

“ನಾನು. ಕೆಲಸ ಮಾಡೋ ಜಾಗಕ್ಕೆ ಹಚ್ಚು ಅಂದ್ರು ಅಜ್ಜಿ. ಬೋರ್ಡ್ ಅಲ್ಲಿಂದ ತಾನೇ ಕೆಲಸ ಮಾಡುತ್ತೆ, ಅದಕ್ಕೆ…” ಅವಳು ನೀಲಿ ಡಬ್ಬಿಗೆ ಬೆರಳು ತೋರಿಸಿದಳು. “ಅಜ್ಜಿ ಕುಂಕುಮ ಮುಚ್ಚಳದ ಮೇಲೆ ಮಾತ್ರ ಇರೋದು.”

ಚಿಕ್ಕಪ್ಪ ಬೋರ್ಡು ನೋಡಿದ, ಹಂಸಾಳನ್ನು ನೋಡಿದ. ತಲೆಯ ಜುಟ್ಟನ್ನು ಇನ್ನೊಮ್ಮೆ ಎಳೆದುಕೊಂಡ.

“ಎಲ್ಲಾ ಜಾಲಾಡಿದೆ,” ಅಂದ ಮೆಲ್ಲಗೆ. “ಇದೊಂದನ್ನ ಬಿಟ್ಟು. ಹೋಗು, ಬಾತ್‌ರೂಮಿಂದ ಒಂದು ಹಳೇ ಟೂತ್‌ಬ್ರಶ್ ತಗೊಂಡ್ ಬಾ.”

ಹಂಸಾ ಓಡಿದಳು. ಕೈಗೆ ಸಿಕ್ಕಿದ್ದನ್ನು ತಂದಳು. ಚಿಕ್ಕಪ್ಪ ಸ್ಪಿರಿಟ್ ಬಾಟಲಿ ತೆರೆದು ಕೊಟ್ಟ, ಅವಳು ಉಜ್ಜಿದಳು. ಒಂದೊಂದೇ ಸೂಜಿ. ಹಚ್ಚಲು ಎಷ್ಟು ಹೊತ್ತು ಆಗಿತ್ತೋ ತೆಗೆಯಲು ಅದರ ಹತ್ತರಷ್ಟು ಹೊತ್ತು.

ಅಷ್ಟರಲ್ಲಿ ಹೊರಗೆ ‘ಢಮಾರ್’ ಅಂತು. ಕಿಟಕಿ ಗಾಜು ಗಡಗಡ. ರಾವಣ ಹೋದ. ಹಂಸಾ ತಲೆ ಎತ್ತಲಿಲ್ಲ.

ಕೇಬಲ್ಲನ್ನು ಚಿಕ್ಕಪ್ಪನೇ ಸಿಕ್ಕಿಸಿದ. ಹಂಸಾ ತನ್ನ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಳು. ಬಟನ್ ಒತ್ತಿದ. ಡಬ್ಬಿಯ ಕೆಂಪು ದೀಪ ಕಣ್ಣು ಮಿಟುಕಿಸಿ ಹಸಿರಾಯಿತು. ಪರದೆಯ ಮೇಲೆ ‘ಟಾರ್ಗೆಟ್ ಫೌಂಡ್’ ಅಂತ ಬಂತು.

“ಬಾಗ್ಲು ತೆಗೆದ್ರು ಅಜ್ಜಿ!” ಹಂಸಾ ಕಿರುಚಿದಳು.

“ತೆಗೀದೆ ಏನ್ಮಾಡ್ತಾರೆ? ಗಂಧದ ವಾಸನೆ ಮಾನೇಸರ್‌ವರೆಗೂ ಹೋಗಿರುತ್ತೆ,” ಅಂದರು ಅಜ್ಜಿ. ಮಂಡಿ ನೋವಿನವರು ಒಂದೇ ನೆಗೆತಕ್ಕೆ ಮೇಜಿನ ಹತ್ತಿರ ಬಂದಿದ್ದರು.

ಚಿಕ್ಕಪ್ಪ ಅವರ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದ. “ಅಮ್ಮ, ಚಿಪ್‌ನ ನಡುದಾರೀಲಿ ನಿಲ್ಸಿದೀನಿ. ಈ ಬಟನ್ ಒತ್ತು. ಒಂದೊಂದ್ಸಲ ಒತ್ತಿದ್ರೆ ಒಂದೊಂದೇ ಹೆಜ್ಜೆ ಹೋಗುತ್ತೆ.”

ಅಜ್ಜಿ ಒತ್ತಿದರು. ಬೋರ್ಡಿನ ಇನ್ನೊಂದು ದೀಪ ಹೊತ್ತಿ ಹಾಗೇ ನಿಂತಿತು. ಇನ್ನೊಮ್ಮೆ ಒತ್ತಿದರು. ‘ಕೀಂ’ ಅಂತ ಶುರುವಾದದ್ದು ನಿಲ್ಲಲೇ ಇಲ್ಲ.

“ಅಯ್ಯೋ, ನಮ್ಮತ್ತೆ! ಅದೇ ದನಿ!” ಅಂದು ಅಜ್ಜಿ ಗಾಬರಿಯಲ್ಲಿ ಮತ್ತೊಮ್ಮೆ ಒತ್ತಿದರು. ಬೋರ್ಡ್ ಗಪ್‌ಚಿಪ್ಪಾಯಿತು. “ನೋಡು, ಅತ್ತೆಗೆ ಈ ಬಟನ್ ಇದ್ದಿದ್ರೆ ನನ್ನ ಜನ್ಮ ಎಷ್ಟು ಸುಖವಾಗಿರ್ತಿತ್ತು!”

ಚಿಕ್ಕಪ್ಪ ಈಗ ನಕ್ಕ. ಬಾಳೆಹಣ್ಣು ಬೆರಳುಗಳಲ್ಲಿ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕ.

ಹಂಸಾ ಅಜ್ಜಿಯ ಕಿವಿಯ ಹತ್ತಿರ ಬಗ್ಗಿದಳು. “ನಿಂಗೆ ಗೊತ್ತಿತ್ತಾ?”

“ಬೆಂಕಿಕಡ್ಡೀನ ಗಂಧದ ಬಟ್ಟಲಲ್ಲೇ ಬಿಟ್ಟು ಬಂದಿದ್ದೆಯಲ್ಲೇ ಜಾಣೆ,” ಪಿಸುಗುಟ್ಟಿದರು ಅಜ್ಜಿ. “ಅವನು ಡಬ್ಬಿ ಬಿಚ್ಚೋವರೆಗೂ ನೋಡೋಣ, ನೀನೇ ಹೇಳ್ತೀಯೇನೋ ಅಂತ ಕೂತಿದ್ದೆ. ಆಮೇಲೆ ನಾನೇ ಹಚ್ಚಿದೆ ಅಂತ ಹೇಳಿಬಿಡ್ತಿದ್ದೆ.”

ಧಡಧಡ ಸದ್ದಾಯಿತು. ಸಾತ್ವಿಕ್ ಬಂದ. ರಾವಣ ಹೇಗೆ ಬಿದ್ದ, ಯಾವ ತಲೆ ಮೊದಲು ಸಿಡಿಯಿತು ಅಂತ ಶುರುಮಾಡಿದವನು ಮೇಜಿನ ಮೇಲೆ ನೋಡಿ ಅರ್ಧಕ್ಕೇ ನಿಲ್ಲಿಸಿದ.

“ಅದು ನನ್ನ ಟೂತ್‌ಬ್ರಶ್! ಹೊಸಾದು!”

“ಅಚ್ಛಾ? ನಾಳೆ ನಿನ್ನ ಬಾಯೂ ಘಮ್ಮನ್ನುತ್ತೆ ಬಿಡು,” ಅಂದರು ಅಜ್ಜಿ.

ಚಿಕ್ಕಪ್ಪ ಎಲ್ಲವನ್ನೂ ಬಿಚ್ಚಿ ಬೇರೆಬೇರೆ ಮಾಡಿಟ್ಟ. “ನಾಳೆ ಅವರ ಮುಂದೆ ಮೊದಲಿಂದ ಜೋಡಿಸ್ಬೇಕು. ಒಂದ್ಸಲ ಮಾಡಿ ನೋಡೋಣ.” ಅವನು ಬಗ್ಗಿ ಚೀಲದಲ್ಲಿ ಏನನ್ನೋ ಹುಡುಕತೊಡಗಿದ. “ಹಂಸಾ, ಕೇಬಲ್.”

ಹಂಸಾ ಕದಲಲಿಲ್ಲ. ತನ್ನನ್ನೇ ಕರೆದದ್ದು ಹೌದಾ ಅಂತ ಅವಳಿಗೆ ಅನುಮಾನ.

“ಕೇಬಲ್ ಹಾಕು ಅಂದೆ, ಅಸಿಸ್ಟೆಂಟೂ.”

ಅವಳು ಬೋರ್ಡನ್ನು ಬೆಳಕಿಗೆ ಹಿಡಿದು ಗುಂಡಿಯೊಳಗೆ ಇಣುಕಿದಳು. ಉಫ್ ಅಂತ ಊದಿದಳು. ಕೆಂಪು ಗೆರೆಯನ್ನು ಒಂದನೇ ಸೂಜಿಯ ಕಡೆ ತಿರುಗಿಸಿ ಮೆಲ್ಲಗೆ ಒತ್ತಿದಳು.

“ಹಾಕಿದೆ. ನೀನು ನೋಡಲ್ವಾ ಚಿಕ್ಕಪ್ಪ?”

“ನೀನು ನೋಡಿದ್ಯಾ?”

“ಹೂಂ. ನೋಡ್ದೆ.”

“ಮತ್ತೆ?” ಅಂದ ಚಿಕ್ಕಪ್ಪ. ಚೀಲದಿಂದ ತಲೆ ಎತ್ತದೆ, ಒಂದೇ ಕೈ ಚಾಚಿ, ಬಟನ್ ಒತ್ತಿದ.

ದೀಪ ಹಸಿರಾಯಿತು. ಹಂಸಾ ಮಾತ್ರ ಆ ಕೆಂಪು ಗೆರೆಯ ಮೇಲೆ ಒಂದು ಬೆರಳು ಇಟ್ಟುಕೊಂಡು ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದಳು.