ಕೈ ಎತ್ತುವ ತನಕ

ಗಂಟೆಯ ಸದ್ದು ಪೂರ್ತಿ ಅಳಿದ ಮೇಲೆ ಕೈ ಎತ್ತಬೇಕು. ಬೌದ್ಧ ಗುರು ಭಂತೆಯವರ ಧ್ಯಾನದ ತರಗತಿ ಶುರುವಾಗುತ್ತಿದ್ದುದೇ ಹಾಗೆ. ಕಣ್ಣು ಮುಚ್ಚಿ ಸುಮ್ಮನೆ ಕೇಳಬೇಕು. ಸದ್ದನ್ನು ಹಿಡಿಯಬಾರದು, ತಳ್ಳಬಾರದು. ನಾನೊಬ್ಬಳು ಕಳ್ಳಿ, ಒಂದು ಕಣ್ಣು ಅರೆ ತೆರೆದೇ ಇರುತ್ತಿತ್ತು. ಪಕ್ಕದ ಚಾಪೆಯ ಬಡಗಿ ಎಲ್ಲರಿಗಿಂತ ಮೊದಲು ಕೈ ಎತ್ತಿಬಿಡುತ್ತಿದ್ದ.

ಮೆಟ್ಟಿಲಿಳಿಯುವಾಗ ಧೈರ್ಯ ಮಾಡಿ ಕೇಳಿದೆ, "ಏನ್ರೀ, ಅಷ್ಟೊಂದು ಅವಸರನಾ?"

ತಿರುಗಿಯೂ ನೋಡದೆ ಹೋದ. ಎಂಥ ಜಂಬ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮುಂದಿನ ವಾರ ಚಪ್ಪಲಿ ಬಿಡುವಲ್ಲಿ ಅವನೇ ಬಂದ. "ನೀವೇನೋ ಕೇಳಿದ್ರಂತೆ, ಭಂತೆ ಹೇಳಿದ್ರು. ಈ ಕಡೆ ನಿಂತು ಮಾತಾಡಿ. ಆ ಕಿವೀನ ಗರಗಸದ ಸದ್ದಿಗೆ ಕೊಟ್ಟಾಯ್ತು."

"ಈ ಕಿವಿ?"

"ಇದೂ ಹೊರಡೋಕೆ ರೆಡಿಯಾಗಿದೆ."

ಅವನು ನಕ್ಕ. ನನಗೆ ನಗು ಬರಲಿಲ್ಲ.

ಆಮೇಲೆ ಅವನ ಕೇಳುವ ಕಿವಿಯ ಕಡೆಗೇ ಕೂರುತ್ತಿದ್ದೆ. ನನ್ನದೋ ಹುಟ್ಟಾ ಸಣ್ಣ ದನಿ. "ಪಿಸುಮಾತು ಮೇಡಮ್, ಸ್ವಲ್ಪ ವಾಲ್ಯೂಮ್ ಕೊಡಿ" ಎಂದು ರೇಗಿಸುತ್ತಾ, ಬಗ್ಗಿ ನನ್ನ ತುಟಿಗಳನ್ನೇ ನೋಡುತ್ತಿದ್ದ. ರೆಪ್ಪೆಯ ಮೇಲೆ ಮರದ ಪುಡಿ ಇರುತ್ತಿತ್ತು. ಹೇಳಬೇಕಾದದ್ದು ಗಂಟಲವರೆಗೆ ಬಂದು ಹಿಂದಿರುಗುತ್ತಿತ್ತು.

ವಾರ ಕಳೆದಂತೆ ಅವನ ಕೈ ಇನ್ನೂ ಬೇಗ ಮೇಲೇಳತೊಡಗಿತು. ಅವನೊಬ್ಬನೇ ಆಗದಿರಲಿ ಎಂದು ನಾನೂ ಜೊತೆಗೇ ಎತ್ತಿದೆ.

ಭಂತೆ ಕಂಡುಹಿಡಿದರು. "ಸದ್ದು ಇನ್ನೂ ಇದೆಯಲ್ಲಮ್ಮಾ. ಎಲ್ಲಾ ಹೋಗೋದೇ, ನಿಜ. ಹೋಗೋಕೆ ಮುಂಚೆನೇ ಯಾಕೆ ಕಳಿಸಿಕೊಡ್ತೀಯ?"

ನಾನು ಕೈ ಇಳಿಸಿದೆ. ಅವನಿಗೆ ಆ ಮಾತು ಕೇಳಿಸಿರಲಿಲ್ಲ.

ಕೊನೆಗೊಂದು ಸಂಜೆ ಗಂಟೆ ಹೊಡೆಯಿತು. ಸದ್ದು ತೆಳುವಾಗಿ, ಎಳೆಯಾಗಿ, ಇಲ್ಲವಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಕೈ ಎತ್ತಿದರು. ಅವನು ಮಾತ್ರ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು ನನ್ನತ್ತ ಬಗ್ಗಿದ.

"ಇನ್ನೂ ಹೊಡೆದಿಲ್ವಾ?"

ಅವನ ಕಿವಿಗೆ ಅಂಗೈ ಮರೆಮಾಡಿ, ಜೀವಮಾನದಲ್ಲಿ ಎತ್ತದ ದನಿ ಎತ್ತಿ ಕೂಗಿದೆ, "ನೀವಂದ್ರೆ ನಂಗೆ ತುಂಬಾ ಇಷ್ಟ!"

ಇಡೀ ಕೊಠಡಿ ತಿರುಗಿತು. "ನಂಗೂ ಕೇಳಿಸ್ತು ತಾಯಿ" ಎಂದರು ಮುಂದಿನ ಸಾಲಿನ ಅಜ್ಜ.

ಅವನು ಮಾತ್ರ ಮತ್ತೆ ಕಣ್ಣು ಮುಚ್ಚಿಕೊಂಡಿದ್ದ. ರೆಪ್ಪೆಯ ಪುಡಿ ಒದ್ದೆಯಾಗುತ್ತಿತ್ತು.

ನಾನು ಅವನ ತೋಳು ಅಲುಗಿಸಿದೆ. "ಕೇಳಿಸ್ತಾ?"

"ಶ್... ಇನ್ನೂ ಕೇಳಿಸ್ತಿದೆ."

ಒಬ್ಬೊಬ್ಬರೇ ಎದ್ದು ಮೆಟ್ಟಿಲಿಳಿದರು. ಭಂತೆ ದೀಪ ಆರಿಸಿ ಹೋದರು. ಕತ್ತಲಲ್ಲಿ ನಾನು ಅವನ ಕೈಯನ್ನೇ ನೋಡುತ್ತಾ ಕುಳಿತೆ.

ಅವನು ಎತ್ತಲಿಲ್ಲ.