ನಲವತ್ತೊಂದನೇ ಪೆಟ್ಟಿಗೆಯ ಹೆಂಗಸು

ಪಕ್ಕೆಗೆ ಚೂಪಾದದ್ದೇನೋ ಒತ್ತಿತು.

"ಅಲ್ಲಾಡಬೇಡ ಆಂಟಿ... ಫೈಲು ಮುಚ್ಚು!"

ನಾನು ಅಲ್ಲಾಡಲಿಲ್ಲ. ಹದಿನೆಂಟು ವರ್ಷ ಪೊಲೀಸ್ ಕೆಲಸ ಮಾಡಿದವಳು. ಪಕ್ಕೆಗೆ ಏನಾದರೂ ಚುಚ್ಚಿದರೆ ಮೊದಲು ಅದೇನೆಂದು ನೋಡಬೇಕು, ಹೆದರುವುದು ಆಮೇಲೆ. ಮೆಲ್ಲಗೆ ಕಣ್ಣು ಕೆಳಗಿಳಿಸಿದೆ...

ಪೆನ್ಸಿಲ್!

ನಗಬೇಡಿ. ಕೊರಿಯಾದ ಗುನ್ಸಾನ್ ಬಂದರಿನ ಈ ದಾಖಲೆ ಭಂಡಾರದಲ್ಲಿ ಓದುವ ಕೋಣೆಗೆ ಪೆನ್ನು ಕೂಡ ಒಯ್ಯುವಂತಿಲ್ಲ. ಫೋನು, ಚೀಲ, ನೀರಿನ ಬಾಟಲಿ ಎಲ್ಲಾ ಹೊರಗೆ ಲಾಕರಿನಲ್ಲಿ. ಶೂ ಕಳಚಿ ಅವರು ಕೊಡುವ ರಬ್ಬರ್ ಚಪ್ಪಲಿ ಮೆಟ್ಟಬೇಕು. ಕೈಯಲ್ಲಿ ಉಳಿಯುವುದು ಒಂದು ಪೆನ್ಸಿಲ್, ನಾಲ್ಕು ಬಿಳಿ ಹಾಳೆ. ಪಾಪ, ಇವನ ಚಾಕು ಲಾಕರಿನಲ್ಲಿ ನಿದ್ದೆ ಮಾಡುತ್ತಿತ್ತು. ಆದರೆ ನೂರಾಹತ್ತು ಕಿಲೋ ತೂಗುವ ಮಾಜಿ ಕುಸ್ತಿಪಟುವಿನ ಮುಷ್ಟಿಯಲ್ಲಿ ಪೆನ್ಸಿಲ್ ಕೂಡ ಒಂದು ಆಯುಧವೇ.

"ಮೊನೆ ಮುರಿದೀತು ಪ್ಯೋ. ಶಾರ್ಪನರ್ ತಂದಿದ್ದೀಯಾ?"

"ಜೋಕು ಮಾಡ್ತೀಯಾ? ಆ ಮುದುಕಿಯ ಮೀನಂಗಡಿ ಎಲ್ಲಿದೆ ಅಂತ ನಂಗೊತ್ತು..."

"ಶ್‌ಶ್‌ಶ್!"

ಅದು ಕೌಂಟರಿನಿಂದ. ಯೂಕ್ ಮೇಡಂ. ಈ ಕೋಣೆಯ ಅಧಿಕಾರಿ. ಐದಡಿ ಎತ್ತರ, ಮೂಗಿನ ತುದಿಯಲ್ಲಿ ಕನ್ನಡಕ. ಪ್ಯೋ ತಕ್ಷಣ ಬಾಯಿ ಮುಚ್ಚಿಕೊಂಡ. ಬಂದರಿನ ಅರ್ಧ ರೌಡಿಗಳು ಇವನಿಗೆ ಹೆದರುತ್ತಾರೆ. ಇವನು ಗ್ರಂಥಪಾಲಕಿಗೆ!

ಇಲ್ಲಿಗೆ ಹೇಗೆ ಬಂದೆ ಅಂತ ಕೇಳ್ತೀರಾ? ಹೇಳುತ್ತೇನೆ.

ನಾನು ಬಾಂಗ್ ಹ್ಯೆರಾನ್. ಪೊಲೀಸ್ ಕೆಲಸ ಬಿಟ್ಟ ಮೇಲೆ ಕಳೆದುಹೋದ ಕಾಗದಪತ್ರ ಹುಡುಕಿಕೊಡುವುದೇ ಕಸುಬು. ಮೂರು ವಾರದ ಹಿಂದೆ ಬುನ್ನಿ ಅಜ್ಜಿ ನನ್ನ ಆಫೀಸಿಗೆ ನುಗ್ಗಿದಳು. ತೊಂಬತ್ತಮೂರು ವರ್ಷ. ಅರವತ್ತು ವರ್ಷ ಒಣಮೀನು ಮಾರಿದ ಹೆಂಗಸು. ಮಾತಿನಲ್ಲೂ ಅಷ್ಟೇ ಉಪ್ಪು.

"ನಮ್ಮಮ್ಮನ ಹೆಸರು ಹುಡುಕಿಕೊಡು."

"ಕಾಣೆಯಾಗಿದ್ದಾರಾ ಅಜ್ಜಿ?"

"ಸತ್ತು ಎಂಬತ್ತೊಂಬತ್ತು ವರ್ಷ ಆಯ್ತು ಕಣೇ! ಕಾಣೆಯಾಗಿರೋದು ಹೆಸರು."

ಅಮ್ಮ ಸತ್ತಾಗ ಅಜ್ಜಿಗೆ ನಾಲ್ಕು ವರ್ಷ. ಊರವರು ಅವಳಮ್ಮನನ್ನು ಕರೆಯುತ್ತಿದ್ದದ್ದು 'ಇಮ್ಪಿಯವಳು' ಎಂದು. ಇಮ್ಪಿ ಅವಳ ತವರೂರು. ಗಂಡನ ಮನೆಯ ವಂಶಾವಳಿಯಲ್ಲಿ ನಾಯಿಗಿಂತ ಒಂದು ಸಾಲು ಹೆಚ್ಚು: 'ಹೆಂಡತಿ, ಮಾ ಮನೆತನ.' ಸರ್ಕಾರದ ದಫ್ತರಿನಲ್ಲಿ 'ಮಾ ಮನೆತನದ ಹೆಂಗಸು.' ಅಲ್ಲಿಗೆ ಮುಗಿಯಿತು! ನಮ್ಮಲ್ಲಿ ಆ ಕಾಲದ ಹೆಂಗಸರಿಗೆ ಅಪ್ಪನ ಮನೆತನ ಇತ್ತು, ಗಂಡನ ಮನೆ ಇತ್ತು, ಮಗುವಿನ ಹೆಸರು ಹಿಡಿದು ಕರೆಯುವವರಿದ್ದರು. ತಮ್ಮದೇ ಹೆಸರು ಯಾರಿಗೂ ಬೇಕಿರಲಿಲ್ಲ.

"ವರ್ಷಾ ವರ್ಷಾ ತಿಥಿ ಮಾಡ್ತೀನಿ. ಕಾಗದದ ಮೇಲೆ 'ಮಾ ಮನೆತನದ ತಾಯಿ' ಅಂತ ಬರೆದು ಊಟಕ್ಕೆ ಕರೀತೀನಿ. ಮಾ ಮನೆತನದಲ್ಲಿ ಸತ್ತೋರು ಒಬ್ಬಿಬ್ಬರಾ? ಬೇರೆ ಯಾವಳೋ ಬಂದು ಉಂಡು ಹೋಗ್ತಿದ್ರೆ?"

ನಾನು ನಕ್ಕೆ. ಅವಳು ನಗಲಿಲ್ಲ.

"ಈ ಸಲದ್ದೇ ನನ್ನ ಕೊನೇ ತಿಥಿ ಇರಬಹುದು ಬಾಂಗ್. ಮುಂದಿನ ವರ್ಷ ನಾನೇ ಅಲ್ಲಿರ್ತೀನಿ. ಅಲ್ಲಿ ಹೋಗಿ ಅಮ್ಮನ್ನ ಏನಂತ ಕೂಗ್ಲಿ?"

ನನ್ನ ನಗು ಅಲ್ಲಿಗೇ ಇಂಗಿತು. ಕೇಸು ಒಪ್ಪಿಕೊಂಡೆ.

ಒಂದೇ ಸುಳಿವು. ಜಪಾನಿಯರ ಆಳ್ವಿಕೆಯ ಕಾಲದಲ್ಲಿ ಅಜ್ಜಿಯ ಅಮ್ಮ ಒಕ್‌ಹ್ಯಾಂಗ್ ಅಕ್ಕಿ ಗಿರಣಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಹೆಂಗಸರ ಮುಷ್ಕರದಲ್ಲಿ ಜೈಲಿಗೆ ಹೋಗಿದ್ದಳು, ಅದೂ ಬಸುರಿಯಾಗಿ. ಹೊಟ್ಟೆಯಲ್ಲಿದ್ದವಳೇ ಬುನ್ನಿ.

ಹುಡುಕಿದೆ. ಹಳೆ ಪತ್ರಿಕೆಗಳ ಮೈಕ್ರೋಫಿಲ್ಮು ತಿರುಗಿಸಿ ತಿರುಗಿಸಿ ಕಣ್ಣು ಕೆಂಪಾಯಿತು. 'ಹೆಂಗಸರ ಗಲಾಟೆ, ಇಪ್ಪತ್ತನಾಲ್ಕು ಮಂದಿ ಸೆರೆ.' ಹೆಸರಿಲ್ಲ! ಆ ಕಾಲದ ಮಹಿಳಾ ಮಾಸಪತ್ರಿಕೆಗಳನ್ನೆಲ್ಲ ಜಾಲಾಡಿದೆ. ಕತ್ತರಿಸಿದ ಕೂದಲು, ಹೊಸ ಟೋಪಿ, ಪ್ರೇಮವಿವಾಹ ಸರಿಯೋ ತಪ್ಪೋ ಎಂಬ ಜಗಳ... ಕಲ್ಲು ಆರಿಸುವವಳ ಬಗ್ಗೆ ಒಂದಕ್ಷರವಿಲ್ಲ. ಒಂದು ಸಂಚಿಕೆಯಲ್ಲಿ ಮಾತ್ರ ಗಿರಣಿ ಯಜಮಾನನ ಹೆಂಡತಿಯ ಫೋಟೋ, ತುಪ್ಪಳದ ಕೋಟು ತೊಟ್ಟು ನಿಂತಿದ್ದಾಳೆ. ಕೆಳಗೆ 'ನವಯುಗದ ಮಹಿಳೆ.' ಪ್ರೊಫೆಸರರು ಬರೆದ ಸ್ತ್ರೀವಾದದ ಚರಿತ್ರೆಗಳನ್ನು ತೆರೆದೆ. 'ಮುಂದಾಳು ಹಾಗೂ ಇತರ ಇಪ್ಪತ್ತಮೂರು ಮಂದಿ.' ಇಡೀ ಚರಿತ್ರೆಯಲ್ಲಿ ಅತಿ ಹೆಚ್ಚು ದುಡಿದವಳು ಈ 'ಇತರ' ಎಂಬಾಕೆ, ಪುಟಪುಟದಲ್ಲೂ ಇದ್ದಾಳೆ!

ಕೊನೆಗೆ ಸಿಕ್ಕಿತು. ಹೆಂಗಸರ ವಿಭಾಗದಲ್ಲಲ್ಲ, 'ಧಾನ್ಯ ವ್ಯಾಪಾರ' ಎಂಬ ಸೂಚಿಯಡಿ. ನಲವತ್ತೊಂದನೇ ಪೆಟ್ಟಿಗೆ. ಪೊಲೀಸ್ ಫೈಲು.

ಆವತ್ತು, ಗುರುವಾರ ಮಧ್ಯಾಹ್ನ, ಅದನ್ನು ತರಿಸಿದೆ. ಯೂಕ್ ಮೇಡಂ ಅಡುಗೆಮನೆಯ ತಕ್ಕಡಿಯ ಮೇಲೆ ಫೈಲಿಟ್ಟಳು. ಅವಳ ಪದ್ಧತಿಯೇ ಹಾಗೆ.

"ಆರುನೂರಾ ಹನ್ನೆರಡು ಗ್ರಾಂ. ವಾಪಸ್ ಬರೋವಾಗಲೂ ಇಷ್ಟೇ ಇರ್ಬೇಕು. ಬೆವರು ಸುರಿಸ್ಬೇಡಿ, ತೂಕ ಜಾಸ್ತಿಯಾಗತ್ತೆ."

ಫೈಲಿನ ಮಧ್ಯದಲ್ಲಿ ಒಂದು ಹಾಳೆ. ಇಪ್ಪತ್ತನಾಲ್ಕು ಹೆಂಗಸರು, ಇಪ್ಪತ್ತನಾಲ್ಕು ಹೆಸರು! ಮೇಲ್ಗಡೆ ಮಾಹಿತಿ ಕೊಟ್ಟವರ ಹೆಸರೂ ಇತ್ತು, ಅವರದೇ ಮೊಹರಿನ ಸಮೇತ. ಯಾರು ಗೊತ್ತಾ? ತುಪ್ಪಳದ ಕೋಟಿನ ನವಯುಗದ ಮಹಿಳೆ! ಸಂಘ ಕಟ್ಟೋಣ ಅಕ್ಕಂದಿರೇ ಎಂದು ಅಕ್ಕಿಯ ಸಿಹಿ ಹಿಡಿದು ಗುಡಿಸಲು ಗುಡಿಸಲಿಗೆ ಹೋಗಿ ಹೆಸರು ಕೇಳಿ ಬರೆದುಕೊಂಡಿದ್ದಳು. ನೇರವಾಗಿ ಪೊಲೀಸ್ ಠಾಣೆಗೆ ಕೊಟ್ಟಿದ್ದಳು.

ಮರುದಿನ ಬೆಳಿಗ್ಗೆ ಅದೇ ಗಿರಣಿಯ ಮುಂದೆ ಆ ಕೋಟಿನ ಮಹಾತಾಯಿಯ ಕಂಚಿನ ಪ್ರತಿಮೆ ಅನಾವರಣ. 'ಬಂದರಿನ ಮೊದಲ ಸ್ತ್ರೀವಾದಿ.' ಮಾಡಿಸಿದವನು ಮೊಮ್ಮಗ, ಕಂಪನಿಯ ಈಗಿನ ಚೇರ್ಮನ್. ಹಾಗೇ ಈ ಪೆಟ್ಟಿಗೆಯೂ ಮರುದಿನ ಅವನ ಹೊಸ ಮ್ಯೂಸಿಯಮ್ಮಿಗೆ 'ಎರವಲು' ಹೋಗಲಿತ್ತು. ಹೋದದ್ದು ಅದೇ ರೂಪದಲ್ಲಿ ವಾಪಸ್ ಬರುತ್ತಿರಲಿಲ್ಲ. ಅದಕ್ಕೂ ಮುಂಚೆ ನಾನು ಪೆಟ್ಟಿಗೆ ಕೇಳಿದ್ದು ಗೊತ್ತಾಗಿ ಚೇರ್ಮನ್ ತನ್ನ ಬಲಗೈ ಬಂಟ ಪ್ಯೋನನ್ನು ಅಟ್ಟಿದ್ದ.

ಏಳನೇ ಸಾಲಿನ ಮೇಲೆ ಬೆರಳಿಡುತ್ತಿದ್ದೆ... ಪೆನ್ಸಿಲ್ ಚುಚ್ಚಿತು!

"ಯಾವ ಹಾಳೆ ಅದು? ತೋರಿಸು!" ಪ್ಯೋ ಪಿಸುಗುಟ್ಟಿದ.

ಅವನ ಮುಖ ನೋಡಿದೆ. ಫೈಲಿನ ಮೇಲೆ ಅವನ ಕಣ್ಣು ಅಲೆದಾಡುತ್ತಿತ್ತು, ಎಲ್ಲೂ ನಿಲ್ಲುತ್ತಿರಲಿಲ್ಲ. ಆಗ ಹೊಳೆಯಿತು. ಇವನಿಗೆ ಓದಲು ಬರುವುದಿಲ್ಲ! ನಮ್ಮ ಮುತ್ತಜ್ಜಂದಿರ ಕಾಲದ ಕಾಗದವೆಲ್ಲ ಚೀನೀ ಲಿಪಿ, ಜಪಾನಿ ಕೈಬರಹ. ಈಗಿನವರಿಗೆ ಅದು ಕೋಳಿ ಕೆದಕಿದ ತಿಪ್ಪೆ. ನನ್ನಜ್ಜ ಮೊಹರು ಕೆತ್ತುವ ಅಂಗಡಿ ಇಟ್ಟಿದ್ದ. ಕೋಲು ಹಿಡಿದು ಕಲಿಸಿದ್ದ, ಪುಣ್ಯಾತ್ಮ.

ಕೂಡಲೇ ಹತ್ತು ಹಾಳೆ ಮುಂದೆ ತಿರುಗಿಸಿದೆ. ಅಂಗೈಯಗಲ ಕೆಂಪು ಮೊಹರಿದ್ದ ಒಂದು ಹಾಳೆ ಸಿಕ್ಕಿತು. ಗಾಬರಿ ಬಿದ್ದವಳಂತೆ ಅದರ ಮೇಲೆ ಮೊಣಕೈ ಊರಿದೆ.

"ಇದೊಂದು ಬಿಟ್ಬಿಡು ಪ್ಯೋ... ಕೈ ಮುಗೀತೀನಿ!"

"ಓಹೋ! ಇದೇನಾ?"

ಸರಕ್ಕನೆ ಕಿತ್ತುಕೊಂಡ. ಅಂಗಿಯೊಳಗೆ ತುರುಕಿ ಎದ್ದು ಹೊರಟ.

ನಾನು ಹಿಂದಕ್ಕೆ ತಿರುಗಿಸಿ ಏಳನೇ ಸಾಲು ನೋಡಿದೆ. 'ಮಾ...' ಊರು ಇಮ್ಪಿ. ಆರು ತಿಂಗಳ ಬಸುರಿ. ಓದಿದೆ. ಮತ್ತೊಮ್ಮೆ ಓದಿದೆ. ಥೂ, ಇದಾ ಹೆಸರು? ಅಜ್ಜಿಗೆ ಹೇಗೆ ಹೇಳಲಿ?

ಯೋಚಿಸಲು ಪುರುಸೊತ್ತಿರಲಿಲ್ಲ. ನಾಟಕ ಪೂರ್ತಿ ಆಡಬೇಕಲ್ಲ! ಫೈಲು ಎದೆಗವಚಿಕೊಂಡು ಅವನ ಬೆನ್ನು ಹತ್ತಿದೆ. ಕಪಾಟುಗಳ ನಡುವೆ ಅವನು ಮುಂದೆ, ನಾನು ಹಿಂದೆ, ಇಬ್ಬರ ಕಾಲಲ್ಲೂ ರಬ್ಬರ್ ಚಪ್ಪಲಿ... ಪಟಪಟ ಪಟಪಟ!

"ಓಡಬಾರದು!" ಯೂಕ್ ಮೇಡಂ.

ಇಬ್ಬರೂ ನಡೆಯತೊಡಗಿದೆವು. ನನ್ನ ಜನ್ಮದಲ್ಲಿ ಅಷ್ಟು ಜೋರಾಗಿ ನಡೆದಿಲ್ಲ. ಹಿಂದಿನ ಬಾಗಿಲಿಗೆ ಹೋದ. ಬೀಗ! ಅಲ್ಲಿಂದ ಕಿಟಕಿ ಕಡೆ. ಕಂಬಿ! ತಿರುಗಿ ಬಂದವನೇ ಭುಜದಿಂದ ನನ್ನನ್ನು ಕಪಾಟಿಗೆ ಗುಮ್ಮಿದ. ಕಣ್ಣಿಗೆ ಕತ್ತಲೆ ಕವಿಯಿತು. ಫೈಲು ಬಿಡಲಿಲ್ಲ. ಉಳಿದದ್ದು ಒಂದೇ ದಾರಿ, ಕೌಂಟರಿನ ಮುಂದಿನ ಬಾಗಿಲು.

ಅವನಿಗಿಂತ ಎರಡು ಹೆಜ್ಜೆ ಮೊದಲು ಫೈಲು ತಕ್ಕಡಿ ಮೇಲೆ ಬಿತ್ತು.

ಯೂಕ್ ಮೇಡಂ ಕನ್ನಡಕ ಸರಿಮಾಡಿಕೊಂಡಳು. "ಆರುನೂರಾ ಎಂಟು. ನಾಲ್ಕು ಗ್ರಾಂ ಕಡಿಮೆ."

ಮೇಜಿನ ಕೆಳಗಿನ ಗುಂಡಿ ಒತ್ತಿದಳು. ಬಾಗಿಲು ಟಕ್ ಎಂದಿತು.

"ಬಾಗಿಲು ತೆಗಿ!" ಪ್ಯೋ ಗುಡುಗಿದ. "ಈ ಕಟ್ಟಡದ ಹೊಸ ಭಾಗ ಕಟ್ಟಿಸಿಕೊಟ್ಟೋರು ನಮ್ಮ ಚೇರ್ಮನ್!"

"ತುಂಬಾ ಸಂತೋಷ. ನಾಲ್ಕು ಗ್ರಾಂ."

"ನಿನ್ನ ಕೆಲಸ ಹೋಗತ್ತೆ!"

"ಹೋಗಲಿ. ನಾಲ್ಕು ಗ್ರಾಂ ಇಡಿ."

ಪ್ಯೋ ಅವಳನ್ನು ನೋಡಿದ. ನನ್ನನ್ನು ನೋಡಿದ. ಅಂಗಿಯೊಳಗಿಂದ ಹಾಳೆ ಎಳೆದು ಉಂಡೆ ಮಾಡಿ...

ಬಾಯಿಗೆ ಹಾಕಿಕೊಂಡ!

"ಒಳಗಡೆ ತಿನ್ನೋ ಹಾಗಿಲ್ಲ!" ಯೂಕ್ ಮೇಡಂ ಕಿರುಚಿದಳು. ಅವಳು ದನಿ ಎತ್ತಿದ್ದನ್ನು ಆ ಕೋಣೆ ಮೊದಲ ಸಲ ಕೇಳಿರಬೇಕು.

ಗುಟುಕ್! ಪ್ಯೋನ ಕಣ್ಣಲ್ಲಿ ನೀರು ಬಂತು. ಆದರೂ ಹಲ್ಲು ಕಿರಿದ.

"ಮುಗೀತು ಆಂಟಿ. ಸಾಕ್ಷಿ ಹೊಟ್ಟೆಗೆ ಹೋಯ್ತು."

"ರುಚಿ ಹೇಗಿತ್ತು?"

"ಯಾಕೆ?"

"ಏನಿಲ್ಲ. ಆಗಿನ ಪೊಲೀಸ್ ಸಾಹೇಬರ ಕುದುರೆಗೆ ಭೇದಿ ಹತ್ತಿತ್ತಂತೆ. ದನದ ಡಾಕ್ಟರು ಬರೆದ ವರದಿ ಅದು... ಬಣ್ಣ, ವಾಸನೆ ಎಲ್ಲಾ ವಿವರವಾಗಿ ಬರೆದಿದ್ರು ಪಾಪ."

ಅವನ ಮುಖ ಹಸಿರಾಯಿತು. ಯೂಕ್ ಮೇಡಂ ಕಸದ ಬುಟ್ಟಿ ಮುಂದಿಟ್ಟಳು. "ಪುಸ್ತಕದ ಮೇಲೆ ಬೇಡ."

ಸರ್ಕಾರಿ ದಾಖಲೆ ನಾಶ. ಜಾಮೀನು ಸುಲಭವಲ್ಲ. ಅದಕ್ಕಿಂತ ಒಳ್ಳೆಯ ಸುದ್ದಿ, ಹಾನಿಯಾದ ಪೆಟ್ಟಿಗೆ ತನಿಖೆ ಮುಗಿಯುವ ತನಕ ಕಟ್ಟಡ ಬಿಟ್ಟು ಹೋಗುವಂತಿಲ್ಲ. ಮ್ಯೂಸಿಯಮ್ಮಿಗೆ ಎರವಲು ರದ್ದು! ಮರುದಿನ ಬೆಳಿಗ್ಗೆ ಯೂಕ್ ಮೇಡಂ ಆ ಇಪ್ಪತ್ತನಾಲ್ಕು ಹೆಸರಿನ ಹಾಳೆಗೆ ನಕಲು ತೆಗೆದು ಸೀಲು ಹೊಡೆದು ಕೊಟ್ಟಳು. ನಾನು ಅನಾವರಣಕ್ಕೆ ಹೋಗಿ ಪತ್ರಕರ್ತರಿಗೆಲ್ಲ ಒಂದೊಂದು ಹಂಚಿದೆ, ಅನುವಾದದ ಸಮೇತ. ಚೇರ್ಮನ್ ಭಾಷಣ ಅರ್ಧಕ್ಕೇ ನಿಂತಿತು. ಪ್ರತಿಮೆಗೆ ಹೊದಿಸಿದ್ದ ಬಟ್ಟೆ ಇನ್ನೂ ಹಾಗೇ ಇದೆ. ಇರಲಿ ಬಿಡಿ, ಮುದುಕಿ ಬೆಚ್ಚಗಿರಲಿ.

ಶನಿವಾರ ಸಂಜೆ ಅಜ್ಜಿಯ ಮನೆ. ಎಡೆಯ ಮೇಜಿನ ಮೇಲೆ ಅನ್ನ, ಸಾರು, ಪೇರ್ ಹಣ್ಣು, ಅವಳೇ ಒಣಗಿಸಿದ ಮೀನು. ಅಮ್ಮ ಒಳಗೆ ಬರಲೆಂದು ಮುಂಬಾಗಿಲು ತೆರೆದಿಟ್ಟಿದ್ದಳು. ಕೈಯಲ್ಲಿ ಕುಂಚ, ಮುಂದೆ ಖಾಲಿ ಕಾಗದ.

"ಹೇಳು. ಏನು ಹೆಸರು?"

ಇಪ್ಪತ್ತು ಕೊಲೆಗಾರರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದವಳು ನಾನು. ಆವತ್ತು ನೆಲ ನೋಡಿದೆ.

"ಮಾ ಸೊಪ್‌ಸೊಬಿ... ಅಜ್ಜಿ."

ಸೊಪ್‌ಸೊಬಿ ಎಂದರೆ ನಿರಾಸೆ. ಗಂಡು ಬೇಕೆಂದು ಕಾದಾಗ ಹೆಣ್ಣು ಹುಟ್ಟಿದರೆ ಆಗ ಇಡುತ್ತಿದ್ದ ಹೆಸರು ಅದು.

ಅಜ್ಜಿಯ ಕುಂಚದ ತುದಿಯಿಂದ ಮಸಿ ತೊಟ್ಟಿಕ್ಕಿತು. ಆಮೇಲೆ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಅಂದುಕೊಂಡೆ... ನಗುತ್ತಿದ್ದಳು!

"ಹುಟ್ಟಿ ಅಪ್ಪನಿಗೆ ನಿರಾಸೆ ಮಾಡಿದ್ಳು. ಬೆಳೆದು ಗಿರಣಿ ಯಜಮಾನನಿಗೆ ಮಾಡಿದ್ಳು. ಮುಟ್ಟಿದ ಕೆಲಸ ಅರ್ಧಕ್ಕೆ ಬಿಡೋಳಲ್ಲ ನಮ್ಮಮ್ಮ!"

ದಪ್ಪ ಅಕ್ಷರದಲ್ಲಿ ಬರೆದಳು. ತೆರೆದ ಬಾಗಿಲಿಗೆ ಮುಖ ಮಾಡಿ, ಮೀನು ಮಾರುವ ಗಂಟಲಲ್ಲಿ ಕೂಗಿದಳು.

"ಮಾ ಸೊಪ್‌ಸೊಬೀ! ಊಟಕ್ಕೆ ಬಾರೇ!"

ನನ್ನ ಕಣ್ಣು ಒದ್ದೆಯಾಯಿತು. ಹೌದು, ನನ್ನದೇ. ಯಾರಿಗೂ ಹೇಳಬೇಡಿ.

ಪೂಜೆ ಮುಗಿಯಿತು. ಆ ಕಾಗದವನ್ನು ಕೊನೆಯಲ್ಲಿ ಸುಡುವುದು ನಮ್ಮ ಪದ್ಧತಿ. ನಾನು ಕಡ್ಡಿಪೆಟ್ಟಿಗೆ ಚಾಚಿದೆ. ಅಜ್ಜಿ ನನ್ನ ಕೈಗೊಂದು ಬಿಟ್ಟಳು.

"ಸುಡ್ತೀನಾ? ಹುಚ್ಚು ಹಿಡಿದಿದೆಯಾ ನಿಂಗೆ! ಸಿಗೋಕೆ ಎಂಬತ್ತೊಂಬತ್ತು ವರ್ಷ ಬೇಕಾಯ್ತು. ಸುಡೋದಿದ್ರೆ ಆ ವಂಶಾವಳಿ ತಂದು ಸುಡು!"

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು, ಕೋಳಿ ಅಂಗಡಿಯವರು ಪುಕ್ಕಟೆ ಕೊಟ್ಟ ಮ್ಯಾಗ್ನೆಟ್ಟಿನಿಂದ. ಹಾಲು ತೆಗೆಯುವಾಗೊಮ್ಮೆ, ಮೊಟ್ಟೆ ತೆಗೆಯುವಾಗೊಮ್ಮೆ ಈಗ ಆ ಹೆಸರು ಹಿಡಿದು ಕರೆಯುತ್ತಾಳಂತೆ.

ಸೊಪ್‌ಸೊಬಿಯ ಹೆಸರನ್ನು ಇದಕ್ಕೂ ಮೊದಲು ಕೇಳಿ ಬರೆದುಕೊಂಡವರು ಇಬ್ಬರೇ. ಒಬ್ಬಳ ಕೈಯಲ್ಲಿ ಸಿಹಿತಿಂಡಿ ಇತ್ತು, ಇನ್ನೊಬ್ಬನ ಕೈಯಲ್ಲಿ ಬೇಡಿ!